ಒಂದು ಬಿಲ್ಲಿನಲ್ಲಿ ಎರಡು ತೆರಿಗೆ ಯಾಕೆ?

ನಮ್ಮ ಅಬ್ಬಾ ಮನೆಗಳಿಗೆ ಬಣ್ಣ ಹೊಡೆಯುವ ಕಂಟ್ರಾಕ್ಟ್ ಹಿಡಿಯುತ್ತಾರೆ. ಕಳೆದ ರಜೆಯಲ್ಲಿ ಅವರ ಲೆಕ್ಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. 2,000 ರೂಪಾಯಿಯ ಪೇಂಟಿಗೆ ಸಿಜಿಎಸ್‌ಟಿ 180, ಎಸ್‌ಜಿಎಸ್‌ಟಿ 180 ಎಂದು ಬಿಲ್ಲಿನಲ್ಲಿ ಎರಡು ಸಾಲು. ಮನೆ ಮಾಲೀಕರಿಗೆ ಮೊದಲೇ ರೇಟ್ ಹೇಳಿಯಾಗಿತ್ತು. ಆದ್ದರಿಂದ ಆ 360 ರೂಪಾಯಿ ಅಬ್ಬಾ ಕೈಯಿಂದಲೇ ಹೋಗಿತ್ತು. ‘ಒಂದೇ ತೆರಿಗೆ ಎರಡು ಸಲ ಹಾಕಿದ್ದಾನೆ’ ಎಂದು ಅಂಗಡಿಗೆ ಹೊರಟೇಬಿಟ್ಟರು. ಒಂಬತ್ತು ಮತ್ತು ಒಂಬತ್ತು ಸೇರಿ ಶೇ 18, ಲೆಕ್ಕ ಸರಿಯಿದೆ ಎಂದೆ. ‘ಹಾಗಾದರೆ ಎರಡು ಸಾಲು ಯಾಕೆ?’ ಎಂದರು. ಕಾಮರ್ಸ್ ಓದುವ ನನ್ನಲ್ಲಿ ಉತ್ತರ ಇರಲಿಲ್ಲ.

ಉತ್ತರ ಸಂವಿಧಾನದಲ್ಲಿದೆ. ಮೊದಲು ಸರಕಿನ ತಯಾರಿಕೆಯ ಮೇಲೆ ಕೇಂದ್ರ ಅಬಕಾರಿ ಸುಂಕ ಹಾಕುತ್ತಿತ್ತು, ಮಾರಾಟದ ಮೇಲೆ ರಾಜ್ಯ ವ್ಯಾಟ್ ಹಾಕುತ್ತಿತ್ತು. ಒಬ್ಬರ ಅಧಿಕಾರದಲ್ಲಿ ಇನ್ನೊಬ್ಬರು ಕೈಹಾಕುವಂತಿರಲಿಲ್ಲ. ಹಾಗಾಗಿ ಜಿಎಸ್‌ಟಿಗೆ ಸಂವಿಧಾನವನ್ನೇ ತಿದ್ದಬೇಕಾಯಿತು.

ಆ ಮಸೂದೆ ಲೋಕಸಭೆಗೆ ಬಂದದ್ದು 2014ರ ಡಿಸೆಂಬರ್‌ನಲ್ಲಿ. (ಮಸೂದೆ ಎಂಬ ಮಾತು ನಮ್ಮ ಮನೆಯ ಉರ್ದುವಿನ ‘ಮುಸವ್ವದಾ’, ಅಂದರೆ ಕರಡು. ಕಾನೂನು, ಕಾಯಿದೆಗಳೂ ಅದೇ ದಾರಿಯಲ್ಲಿ ಬಂದ ಮಾತುಗಳು. ಇದು ತಿಳಿದ ಮೇಲೆ ಪಾಠ ಸ್ವಲ್ಪ ಹತ್ತಿರವಾಯಿತು.) 2015ರ ಮೇ ತಿಂಗಳಲ್ಲಿ ಲೋಕಸಭೆ ಒಪ್ಪಿತು. ರಾಜ್ಯಸಭೆಯಲ್ಲಿ ಸರ್ಕಾರಕ್ಕೆ ಬಹುಮತ ಇರಲಿಲ್ಲ, ಮಸೂದೆ ಆಯ್ಕೆ ಸಮಿತಿಗೆ ಹೋಯಿತು. ಸಾಮಾನ್ಯ ಮಸೂದೆಯಾದರೆ ಜಂಟಿ ಅಧಿವೇಶನ ಕರೆಯಬಹುದು, ಸಂವಿಧಾನ ತಿದ್ದುಪಡಿಗೆ ಆ ದಾರಿಯಿಲ್ಲ. ಎರಡೂ ಸದನಗಳು ಬೇರೆ ಬೇರೆಯಾಗಿ ವಿಶೇಷ ಬಹುಮತದಿಂದ ಒಪ್ಪಲೇಬೇಕು. ಕೊನೆಗೆ ಸರ್ಕಾರವೇ ಬಗ್ಗಿತು. ಅಂತರರಾಜ್ಯ ವ್ಯಾಪಾರದ ಮೇಲಿನ ಶೇ 1ರ ಹೆಚ್ಚುವರಿ ತೆರಿಗೆಯನ್ನು ಕೈಬಿಟ್ಟಿತು, ರಾಜ್ಯಗಳಿಗೆ ಐದು ವರ್ಷದ ನಷ್ಟ ಪರಿಹಾರವನ್ನು ಖಚಿತಪಡಿಸಿತು. 2016ರ ಆಗಸ್ಟ್ 3ರಂದು ರಾಜ್ಯಸಭೆ ಒಪ್ಪಿತು. ಬದಲಾವಣೆಗಳಿಗೆ ಮತ್ತೆ ಲೋಕಸಭೆಯ ಒಪ್ಪಿಗೆ ಆಗಸ್ಟ್ 8ರಂದು ಸಿಕ್ಕಿತು.

ಅಷ್ಟಕ್ಕೂ ಮುಗಿಯಲಿಲ್ಲ. ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳು ಅನುಮೋದಿಸಬೇಕಿತ್ತು. ಅಸ್ಸಾಂ ಮೊದಲು ಅನುಮೋದಿಸಿತು. ಸೆಪ್ಟೆಂಬರ್ 8ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಪರೀಕ್ಷೆಗೆ ಓದುವವರು ಗಮನಿಸಿ: ಮಸೂದೆಯಾಗಿದ್ದಾಗ ಅದು 122ನೆಯದು, ಜಾರಿಯಾದ ತಿದ್ದುಪಡಿ 101ನೆಯದು. ನಾನು ಇವೆರಡನ್ನು ಅದಲುಬದಲು ಮಾಡಿ ಒಂದು ಅಂಕ ಕಳೆದುಕೊಂಡಿದ್ದೇನೆ.

ಬಳಿಕ 2017ರಲ್ಲಿ ಕೇಂದ್ರದ ಜಿಎಸ್‌ಟಿ ಕಾಯಿದೆಯನ್ನು ಸಂಸತ್ತು, ಕರ್ನಾಟಕದ ಜಿಎಸ್‌ಟಿ ಕಾಯಿದೆಯನ್ನು ನಮ್ಮ ವಿಧಾನಮಂಡಲ ಮಾಡಿದವು. ಬಿಲ್ಲಿನ ಎರಡು ಸಾಲುಗಳು ಈ ಎರಡು ಕಾಯಿದೆಗಳವು.

‘ಕಡಿಮೆ ಮಾಡಿ ಅಂತ ಯಾರನ್ನು ಕೇಳಬೇಕು?’ ಎಂದರು ಅಬ್ಬಾ. ದರ ಶಿಫಾರಸು ಮಾಡುವುದು ಜಿಎಸ್‌ಟಿ ಮಂಡಳಿ. ಅಲ್ಲಿ ಕೇಂದ್ರದ ಮತಕ್ಕೆ ಮೂರನೇ ಒಂದು ತೂಕ, ಎಲ್ಲ ರಾಜ್ಯಗಳಿಗೆ ಸೇರಿ ಮೂರನೇ ಎರಡು. ತೀರ್ಮಾನಕ್ಕೆ ನಾಲ್ಕನೇ ಮೂರು ಬೇಕು. ಕೇಂದ್ರವೊಂದರಿಂದಲೂ ಆಗದು, ರಾಜ್ಯಗಳಷ್ಟರಿಂದಲೂ ಆಗದು.

ಅಬ್ಬಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮುಂದಿನ ಮನೆಯ ಎಸ್ಟಿಮೇಟಿನಲ್ಲಿ ಪೇಂಟಿನ ಬೆಲೆಗೆ ಶೇ 18 ಸೇರಿಸಿಯೇ ಬರೆಯಲು ಹೇಳಿದರು.