ಮೀಟರು ತಪ್ಪೋ, ತಂತಿ ತಪ್ಪೋ? ಮನೆಯ ವಿದ್ಯುತ್ ಮೀಟರನ್ನು ಪರೀಕ್ಷಿಸುವ ಬಗೆ

ಅಡಿಕೆ, ಕಾಫಿ ತೂಗುವಾಗ ತಕ್ಕಡಿಯ ಮುಳ್ಳನ್ನು ನಾವು ಎರಡು ಸಲ ನೋಡುತ್ತೇವೆ. ತೂಕ ಸರಿಯಿಲ್ಲವೆನಿಸಿದರೆ ಅಲ್ಲಿಯೇ ಕೇಳುತ್ತೇವೆ. ಜಗಲಿಯ ಗೋಡೆಯ ಮೇಲೆ ಹಗಲೂ ರಾತ್ರಿ ತೂಗುತ್ತಲೇ ಇರುವ ಇನ್ನೊಂದು ತಕ್ಕಡಿಯ ಕಡೆಗೆ ಮಾತ್ರ ಬಿಲ್ಲು ಏರಿದ ತಿಂಗಳಲ್ಲದೆ ಕಣ್ಣು ಹಾಯಿಸುವುದಿಲ್ಲ. ಆಗ "ಮೀಟರು ಓಡುತ್ತದೆ" ಎಂದು ಒಂದೇ ಮಾತಿನಲ್ಲಿ ತೀರ್ಮಾನ ಮಾಡಿಬಿಡುತ್ತೇವೆ. ಮೀಟರು ಓಡುವುದು ಉಂಟು. ಆದರೆ ಬಹಳ ಸಲ ತಪ್ಪು ಮೀಟರಿನದಾಗಿರದೆ ಅದರಿಂದ ಮುಂದಿನ ತಂತಿಯದಾಗಿರುತ್ತದೆ. ಇವೆರಡನ್ನು ಬೇರ್ಪಡಿಸಿ ತಿಳಿಯದೆ ದೂರು ಕೊಟ್ಟರೆ ಮೀಟರು ಬದಲಾದೀತು, ಬಿಲ್ಲು ಬದಲಾಗದು.

2023ರ ಜುಲೈಯಿಂದ ಗೃಹಜ್ಯೋತಿ ಯೋಜನೆ ಬಂದಮೇಲೆ ಈ ವಿಷಯಕ್ಕೆ ಮೊದಲಿಲ್ಲದ ಮಹತ್ವ ಬಂದಿದೆ. 2022-23ನೇ ಸಾಲಿನ ನಮ್ಮ ಸರಾಸರಿ ಬಳಕೆ ಮತ್ತು ಅದರ ಮೇಲೆ ನೂರಕ್ಕೆ ಹತ್ತರಷ್ಟು, ಇದು ನಮ್ಮ ಪಾಲಿನ ಉಚಿತ ಯೂನಿಟ್ಟು. (ಸರಾಸರಿ 48 ಯೂನಿಟ್ಟಿನೊಳಗೆ ಇದ್ದವರಿಗೆ ನೂರಕ್ಕೆ ಹತ್ತರ ಬದಲು 10 ಯೂನಿಟ್ಟು ಸೇರಿಸುವಂತೆ 2024ರಲ್ಲಿ ತಿದ್ದುಪಡಿಯಾಯಿತು.) ಈ ಪಾಲನ್ನು ಮೀರಿ 200 ಯೂನಿಟ್ಟಿನೊಳಗೆ ಇದ್ದರೆ ಮೀರಿದಷ್ಟಕ್ಕೆ ಮಾತ್ರ ಹಣ, 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಮ್ಮದೇ. ಅಂದರೆ 195 ಯೂನಿಟ್ಟು ಬಳಸುವ ಮನೆಯಲ್ಲಿ ಮೀಟರು ನೂರಕ್ಕೆ ಐದರಷ್ಟು ಹೆಚ್ಚು ತೋರಿಸಿದರೆ ನಷ್ಟ ಹತ್ತು ಯೂನಿಟ್ಟಿನದಲ್ಲ, ಇಡೀ ಬಿಲ್ಲಿನದು. ಇನ್ನು 2022-23ರಲ್ಲಿ ಯಾರ ಮೀಟರು ಕೆಟ್ಟು ಕಡಿಮೆ ದಾಖಲಿಸುತ್ತಿತ್ತೋ ಅವರ ಉಚಿತ ಪಾಲೇ ಚಿಕ್ಕದಾಗಿ ನಿಂತಿದೆ. ನಮ್ಮ ಯಲ್ಲಾಪುರ ತಾಲೂಕಿನ ಕೊಡಸಳ್ಳಿಯಲ್ಲೇ 120 ಮೆಗಾವಾಟ್ ವಿದ್ಯುತ್ತು ಹುಟ್ಟುತ್ತದೆ. ಆದರೆ ಮನೆಗೆ ಬಂದ ಒಂದೊಂದು ಯೂನಿಟ್ಟಿನ ಲೆಕ್ಕ ಇಡಬೇಕಾದವರು ನಾವೇ.

ಮೀಟರನ್ನು ದೂರುವ ಮುನ್ನ ಮನೆಯ ಬಳಕೆಯನ್ನೇ ಒಮ್ಮೆ ನೋಡಬೇಕು. ಕೊನೆಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯುವ ಯಂತ್ರವನ್ನು ಮನೆಯ ಮೀಟರಿಗೇ ಹಚ್ಚುವ ರೂಢಿ ಇದೆ. 1 ಅಶ್ವಶಕ್ತಿಯ ಮೋಟಾರು ತುಂಬಿದ ಹೊರೆಯಲ್ಲಿ ತಾಸಿಗೆ ಹೆಚ್ಚುಕಡಿಮೆ 1 ಯೂನಿಟ್ಟು ತಿನ್ನುತ್ತದೆ. ದಿನಕ್ಕೆ 5 ತಾಸಿನಂತೆ 20 ದಿನ ನಡೆದರೆ 100 ಯೂನಿಟ್ಟು! ಇಲ್ಲಿ ಮೀಟರಿನ ತಪ್ಪೇನೂ ಇಲ್ಲ. (ಮನೆಯ ಸಂಪರ್ಕದಿಂದ ಇಂಥ ಯಂತ್ರ ನಡೆಸುವುದಕ್ಕೆ ನಿಯಮದಲ್ಲಿ ಅವಕಾಶವೆಷ್ಟು ಎಂಬುದನ್ನೂ ಶಾಖಾಧಿಕಾರಿಗಳಲ್ಲಿ ಕೇಳಿ ತಿಳಿದಿರುವುದು ಒಳ್ಳೆಯದು.) ಮಳೆಗಾಲದಲ್ಲಿ ಕರೆಂಟು ಹೋಗಿ ಬರುತ್ತಿರುವಾಗ ಇನ್ವರ್ಟರು ಸದ್ದಿಲ್ಲದೆ ತಿನ್ನುತ್ತದೆ. 12 ವೋಲ್ಟಿನ 150 ಆಂಪಿಯರ್-ತಾಸಿನ ಬ್ಯಾಟರಿ ಪೂರ್ತಿ ಇಳಿದು ಮತ್ತೆ ತುಂಬಲು 2 ಯೂನಿಟ್ಟಿಗಿಂತ ಹೆಚ್ಚೇ ಬೇಕು.

ಈಗ ಪರೀಕ್ಷೆಯ ಮಾತು. ಎಲೆಕ್ಟ್ರಾನಿಕ್ ಮೀಟರಿನ ಮುಖದ ಮೇಲೆ ಮಿನುಗುವ ಒಂದು ಕೆಂಪು ದೀಪವಿದೆ. ಒಂದು ಯೂನಿಟ್ಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಎಂಬುದನ್ನು ಅಲ್ಲಿಯೇ ಅಚ್ಚು ಹಾಕಿರುತ್ತಾರೆ, 1600, 3200 ಹೀಗೆ. ಆ ಸಂಖ್ಯೆಯ ಕೊನೆಯ ಎರಡು ಸೊನ್ನೆ ತೆಗೆದುಹಾಕಿರಿ. 3200 ಇದ್ದರೆ 32 ಉಳಿಯಿತು. 32 ಮಿನುಗಿಗೆ ಯೂನಿಟ್ಟಿನ ನೂರನೇ ಒಂದು ಪಾಲು. ಮನೆಯ ಎಲ್ಲವನ್ನೂ ಆರಿಸಿ, 1000 ವಾಟಿನ ನೀರು ಕಾಯಿಸುವ ರಾಡನ್ನು ಬಕೆಟ್ಟಿನ ನೀರಿನಲ್ಲಿಟ್ಟ ಮೇಲೆ ಸ್ವಿಚ್ಚು ಹಾಕಿ, ಕೈಗಡಿಯಾರ ಹಿಡಿದು ಎಣಿಸಬೇಕು. ಮೊದಲನೇ ಮಿನುಗನ್ನು ಸೊನ್ನೆ ಎಂದೇ ಎಣಿಸತಕ್ಕದ್ದು. ಒಂದು ಎಂದು ಆರಂಭಿಸಿದರೆ ಲೆಕ್ಕ ತಪ್ಪುತ್ತದೆ. ಮೀಟರು ಸರಿಯಿದ್ದರೆ 32 ಮಿನುಗಿಗೆ 36 ಸೆಕೆಂಡು ಹಿಡಿಯಬೇಕು. ನೀರಿಗೆ ಕೈ ಹಾಕುವುದಿದ್ದರೆ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತ ಮೇಲೆಯೇ.

ಇಲ್ಲಿ ನಮ್ಮ ಸೀಮೆಗೆ ವಿಶೇಷವಾಗಿ ಹೇಳಬೇಕಾದ ಮಾತೊಂದಿದೆ. ರಾಡಿನ ಮೇಲೆ ಬರೆದ 1000 ವಾಟು 230 ವೋಲ್ಟಿನ ಲೆಕ್ಕದ್ದು. ನಮ್ಮಲ್ಲಿ ಲೈನಿನ ತುದಿಯ ಮನೆಗಳಿಗೆ ಸಂಜೆ 180 ವೋಲ್ಟು ಬಂದರೂ ಬಂತು. ವೋಲ್ಟೇಜು ಇಳಿದರೆ ರಾಡು ಎಳೆಯುವ ಶಕ್ತಿ ಅದರ ವರ್ಗದ ಪ್ರಮಾಣದಲ್ಲಿ ಇಳಿಯುತ್ತದೆ. 180 ವೋಲ್ಟಿನಲ್ಲಿ ಅದೇ ರಾಡು ಸುಮಾರು 610 ವಾಟಿನದಷ್ಟೆ. ಆಗ 32 ಮಿನುಗಿಗೆ ಒಂದು ನಿಮಿಷವೇ ಹಿಡಿದೀತು. ಮೀಟರು ನಿಧಾನ ಎಂದು ಭ್ರಮೆಯಾದೀತು. ನಡುರಾತ್ರಿ 250 ವೋಲ್ಟು ಇರುವಾಗ ನೋಡಿದರೆ 30 ಸೆಕೆಂಡಿಗೇ ಮುಗಿದು, ಮೀಟರು ಓಡುತ್ತದೆ ಎನಿಸೀತು. ಆದುದರಿಂದ ಮೀಟರಿನ ಗುಂಡಿ ಒತ್ತಿ ವೋಲ್ಟೇಜನ್ನು ಮೊದಲು ಬರೆದುಕೊಳ್ಳಿರಿ. 230ಕ್ಕೆ ಹತ್ತಿರವಿರುವ ಹೊತ್ತಿನಲ್ಲಿ ಪರೀಕ್ಷೆ ಮಾಡಿರಿ. ಮನೆಯ ಪರೀಕ್ಷೆಯಲ್ಲಿ ನೂರಕ್ಕೆ ಎರಡು-ಮೂರರ ವ್ಯತ್ಯಾಸ ಹಿಡಿಯಲಾಗದು. ನೂರಕ್ಕೆ ಹತ್ತಕ್ಕಿಂತ ಹೆಚ್ಚು ಬಂದರೆ, ಮೂರು ಸಲ ಮಾಡಿದಾಗಲೂ ಅಷ್ಟೇ ಬಂದರೆ, ದೂರಿಗೆ ಆಧಾರ ಸಿಕ್ಕಿತೆಂದೇ ಲೆಕ್ಕ.

ಎರಡನೆಯ ಪರೀಕ್ಷೆ ಇನ್ನೂ ಸುಲಭ. ಮೇನ್ ಸ್ವಿಚ್ಚು ಹಾಕಿಯೇ ಇರಲಿ, ಮನೆಯೊಳಗಿನ ಎಲ್ಲ ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ಇನ್ವರ್ಟರನ್ನೂ ಬಿಡಿಸಿ, ಹತ್ತು ನಿಮಿಷ ದೀಪ ನೋಡಿರಿ. ಮಿನುಗಿದರೆ ಎಲ್ಲೋ ಸೋರಿಕೆಯಿದೆ. ಬಚ್ಚಲುಮನೆಯ ಹೀಟರು, ಕೊಟ್ಟಿಗೆಗೆ ಎಳೆದ ಹಳೆಯ ವೈರು, ಬಾವಿಯ ಚಿಕ್ಕ ಪಂಪು, ಇಲಿ ಕಡಿದ ಅಟ್ಟದ ತಂತಿ, ಇವುಗಳಲ್ಲಿ ಒಂದು. ಬಹಳ ಮೀಟರುಗಳಲ್ಲಿ "ಇ.ಎಲ್." ಎಂದು ಬರೆದ ಇನ್ನೊಂದು ಕೆಂಪು ದೀಪವಿರುತ್ತದೆ. ಫೇಸಿನಲ್ಲಿ ಹೋದಷ್ಟು ವಿದ್ಯುತ್ತು ನ್ಯೂಟ್ರಲ್ಲಿನಲ್ಲಿ ಹಿಂದಿರುಗದಿದ್ದರೆ ಅದು ಹೊತ್ತುತ್ತದೆ. ಅದು ಹೊತ್ತಿದ್ದರೆ ಬಿಲ್ಲಿನ ಚಿಂತೆ ಆಮೇಲಿನದು. ಜಡಿಮಳೆಯಲ್ಲಿ ನೆಲವೆಲ್ಲ ಒದ್ದೆಯಿರುವಾಗ ಆ ಸೋರಿಕೆ ಮನುಷ್ಯರ, ದನಕರುಗಳ ಜೀವಕ್ಕೆ ಬಂದೀತು. ಪರವಾನಿಗೆ ಇರುವ ವೈರಿಂಗಿನವರನ್ನು ಕೂಡಲೇ ಕರೆಸಿ, 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸತಕ್ಕದ್ದು.

ಮೇನ್ ಸ್ವಿಚ್ಚನ್ನೇ ಆರಿಸಿದರೂ ದೀಪ ಮಿನುಗಿದರೆ? ಆಗಂತೂ ಮೀಟರೇ ತಪ್ಪು ಎಂದು ಎಲ್ಲರೂ ಹೇಳುತ್ತಾರೆ. ನಾನು ಇನ್ನೊಂದು ಮಾತು ಕೇಳುತ್ತೇನೆ: ಮನೆ ಹಿಸ್ಸೆಯಾದದ್ದೇ?

ನಮ್ಮ ಮೂರೂ ತಾಲೂಕಿನಲ್ಲಿ ಒಂದೇ ಮಾಡಿನ ಕೆಳಗೆ ಅಣ್ಣತಮ್ಮಂದಿರ ಎರಡು, ಮೂರು ಒಲೆಗಳಿರುವ ಮನೆಗಳು ಬೇಕಾದಷ್ಟಿವೆ. ಹಿಸ್ಸೆಯಾದಾಗ ಹೊಸ ಮೀಟರು ಬಂತು, ಹೊಸ ಆರ್.ಆರ್. ನಂಬರು ಬಂತು; ಒಳಗಿನ ವೈರಿಂಗು ಮಾತ್ರ ಅಜ್ಜನ ಕಾಲದ್ದು. ಫೇಸಿನ ತಂತಿಯನ್ನು ಬೇರೆ ಮಾಡಿ, ನ್ಯೂಟ್ರಲ್ಲನ್ನು ನಡುಗೋಡೆಯ ಗಂಟಿನಲ್ಲಿ ಕೂಡಿಯೇ ಬಿಟ್ಟಿರುತ್ತಾರೆ. ಈಗಿನ ಸಿಂಗಲ್ ಫೇಸ್ ಮೀಟರುಗಳು ಕಳ್ಳತನ ತಡೆಯುವುದಕ್ಕಾಗಿ ಎರಡೂ ತಂತಿಗಳ ವಿದ್ಯುತ್ತನ್ನು ಅಳೆದು, ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ ಹಾಕುತ್ತವೆ. ತಮ್ಮನ ಮನೆಯಲ್ಲಿ ಮಿಕ್ಸರು ತಿರುಗಿದಾಗ ಹಿಂದಿರುಗುವ ವಿದ್ಯುತ್ತು ಎರಡು ದಾರಿ ಕಂಡು, ಅರ್ಧ ಅಣ್ಣನ ನ್ಯೂಟ್ರಲ್ಲಿನ ಮೂಲಕ ಹೋಗುತ್ತದೆ. ಅಣ್ಣನ ಮೀಟರು ಅದನ್ನು ಅಣ್ಣನ ಲೆಕ್ಕಕ್ಕೆ ಬರೆಯುತ್ತದೆ! ಫೇಸನ್ನಷ್ಟೇ ಕಡಿಯುವ ಹಳೆಯ ಮೇನ್ ಸ್ವಿಚ್ಚಿದ್ದರೆ ಅದನ್ನು ಆರಿಸಿಯೂ ಪ್ರಯೋಜನವಿಲ್ಲ. ಗುರುತಿಸುವ ಉಪಾಯ ಇಷ್ಟೆ: ನಿಮ್ಮ ಮೇನ್ ಆರಿಸಿ ದೀಪ ನೋಡುತ್ತಿರಿ, ಪಕ್ಕದ ಹಿಸ್ಸೆಯವರ ಮೇನ್ ಆರಿಸಲು ಹೇಳಿರಿ. ಮಿನುಗು ನಿಂತರೆ ನ್ಯೂಟ್ರಲ್ ಬೆರೆತಿದೆ. ಅದು ಅವರ ಕಳ್ಳತನವೂ ಅಲ್ಲ, ಮೀಟರಿನ ದೋಷವೂ ಅಲ್ಲ. ವೈರಿಂಗಿನವರ ಅರ್ಧ ದಿನದ ಕೆಲಸ. ಮೊದಲೇ ಮಾತು ಬಿಟ್ಟ ದಾಯಾದಿಗಳಲ್ಲಿ ಈ ಗಂಟು ಎಷ್ಟು ಮನಸ್ತಾಪಕ್ಕೆ ಕಾರಣವಾದೀತು ಎಂಬುದನ್ನು ವಿವರಿಸಬೇಕಾಗಿಲ್ಲ. ಪಕ್ಕದವರ ಮೇನ್ ಆರಿಸಿದರೂ ನಿಲ್ಲದಿದ್ದರೆ ಆಗ ಮೀಟರಿನ ಮೇಲೆ ಸಂಶಯಪಡಲು ಕಾರಣವಿದೆ.

ಅಂಕಿ ತೋರಿಸುವ ಪರದೆಯ ದೋಷ ಬೇರೆಯೇ ಜಾತಿಯದು. ಒಂದೊಂದು ಅಂಕಿಯೂ ಏಳು ಗೆರೆಗಳಿಂದಾದದ್ದು. ಒಂದು ಗೆರೆ ಸತ್ತರೆ 8 ಎಂಬುದು 0, 6 ಅಥವಾ 9 ಆಗಿ ಕಾಣುತ್ತದೆ. ನೂರರ ಸ್ಥಾನದಲ್ಲಿ ಹೀಗಾದರೆ ಒಂದು ತಿಂಗಳು ಬಿಲ್ಲು ಕಡಿಮೆ ಬಂದು ಮುಂದಿನ ತಿಂಗಳು ಒಮ್ಮೆಗೇ ಏರುತ್ತದೆ. ಗುಂಡಿ ಒತ್ತಿದಾಗ ಎಲ್ಲ ಗೆರೆಗಳೂ ಹೊತ್ತಿ ಸಾಲಾಗಿ 8 ಕಾಣುವ ಕ್ಷಣವೊಂದು ಅನೇಕ ಮೀಟರುಗಳಲ್ಲಿದೆ. ಸತ್ತ ಗೆರೆ ಆಗ ಗೊತ್ತಾಗುತ್ತದೆ. ದಶಮಾಂಶದ ಚುಕ್ಕಿ ಮಾಸಿದರೆ ಓದುವವರ ಕೈಯಲ್ಲಿ ಯೂನಿಟ್ಟು ಹತ್ತು ಪಟ್ಟು ಆಗುವುದೂ ಉಂಟು. ಪಡುಗೋಡೆಯ ಬಿಸಿಲು, ಮಳೆಗಾಲದ ಬೂಸಲು, ಪೆಟ್ಟಿಗೆ ಹೊಕ್ಕ ಇರುವೆ, ಹಲ್ಲಿ, ಮುಂಗಾರಿನ ಮೊದಲಿನ ಸಿಡಿಲು ಇವೆಲ್ಲ ಪರದೆಗೆ ಶತ್ರುಗಳು. ಆದರೆ ಪರದೆ ಕಪ್ಪಾದರೂ ಕೆಂಪು ದೀಪ ಮಿನುಗುತ್ತಿದ್ದರೆ ಮೀಟರಿನ ಒಳಗೆ ಲೆಕ್ಕ ನಡೆದೇ ಇದೆ. ಅದನ್ನು ಉಪಕರಣ ಹಚ್ಚಿ ಇಳಿಸಿಕೊಳ್ಳಲು ಬರುತ್ತದೆ. "ಪರದೆ ಹೋಗಿದೆ, ಸರಾಸರಿ ಬಿಲ್ಲು ಹಾಕುತ್ತೇವೆ" ಎಂದರೆ ಕೂಡಲೇ ಒಪ್ಪದೆ, ಒಳಗಿನ ಲೆಕ್ಕ ತೆಗೆಯಿರೆಂದು ಬರೆದು ಕೊಡಬೇಕು. ಬಿಲ್ಲಿನ ಮೇಲೆ "ಎಂ.ಎನ್.ಆರ್." ಎಂಬ ಗುರುತು ಇದ್ದರೆ ಮೀಟರು ದಾಖಲಿಸುತ್ತಿಲ್ಲವೆಂದು ಅರ್ಥ, "ಡಿ.ಎಲ್." ಎಂದರೆ ಬಾಗಿಲು ಹಾಕಿತ್ತು ಎಂದು. ಮನೆಯಲ್ಲಿ ಜನರಿದ್ದೂ "ಡಿ.ಎಲ್." ಬಂದರೆ ಸುಮ್ಮನಿರಬಾರದು.

ಸ್ಮಾರ್ಟ್ ಮೀಟರಿನ ಬಗ್ಗೆ ಎರಡು ಮಾತು. ಹೊಸ ಸಂಪರ್ಕಗಳಿಗೆ ಇದನ್ನು ಹಾಕುವ ಕ್ರಮ 2025ರಲ್ಲಿ ರಾಜ್ಯದಲ್ಲಿ ಆರಂಭವಾಗಿ, ಬೆಲೆಯ ವಿವಾದ ಹೈಕೋರ್ಟಿನವರೆಗೂ ಹೋಯಿತು. ಅಳೆಯುವ ಕೆಲಸದಲ್ಲಿ ಇದೂ ಎಲೆಕ್ಟ್ರಾನಿಕ್ ಮೀಟರೇ. ಮೇಲೆ ಹೇಳಿದ ಪರೀಕ್ಷೆಗಳೆಲ್ಲ ಇದಕ್ಕೂ ಸಲ್ಲುತ್ತವೆ. ಹೆಚ್ಚಿನದೆಂದರೆ ಲೆಕ್ಕವನ್ನು ತಾನೇ ಕಚೇರಿಗೆ ಕಳುಹಿಸುತ್ತದೆ. ಕಣಿವೆಯ ಮನೆಗಳಲ್ಲಿ ಫೋನಿಗೇ ಸಿಗ್ನಲ್ಲಿಲ್ಲದಿರುವಾಗ ಮೀಟರಿಗೆ ಎಲ್ಲಿಂದ ಬಂದೀತು? ಬ್ರಿಟನ್ನಿನಲ್ಲಿ 2023ರ ಕೊನೆಗೆ ಸುಮಾರು 40 ಲಕ್ಷ ಸ್ಮಾರ್ಟ್ ಮೀಟರುಗಳು ಹೀಗೆ ಲೆಕ್ಕ ಕಳುಹಿಸದೆ ಮಾಮೂಲು ಮೀಟರಿನಂತೆ ಕುಳಿತಿದ್ದವು. ಸುದ್ದಿ ಕಳುಹಿಸದ ಮೀಟರು ತಪ್ಪು ಅಳೆಯುತ್ತದೆಂದೇನೂ ಇಲ್ಲ. ಗೋಡೆಯ ಮೇಲಿನ ಅಂಕಿಯೇ ಪ್ರಮಾಣ, ಫೋನಿನಲ್ಲಿ ಕಾಣುವುದಲ್ಲ. ಅಳತೆಯೇ ತಪ್ಪಿದ ಉದಾಹರಣೆಯೂ ಇದೆ. 2017ರಲ್ಲಿ ನೆದರ್‌ಲ್ಯಾಂಡ್ಸಿನ ಟ್ವೆಂಟೆ ವಿಶ್ವವಿದ್ಯಾಲಯದವರು ಪ್ರಯೋಗಶಾಲೆಯಲ್ಲಿ 9 ಎಲೆಕ್ಟ್ರಾನಿಕ್ ಮೀಟರುಗಳನ್ನು, ಬೆಳಕು ತಗ್ಗಿಸುವ ಡಿಮ್ಮರಿಗೆ ಜೋಡಿಸಿದ ದೀಪಗಳಂಥ ಹೊರೆಯಲ್ಲಿ ಪರೀಕ್ಷಿಸಿದಾಗ 5 ಮೀಟರುಗಳು ಬಹಳ ಹೆಚ್ಚು, 2 ಮೀಟರುಗಳು ಕಡಿಮೆ ತೋರಿಸಿದವು. "ಎಲೆಕ್ಟ್ರಾನಿಕ್ ಮೀಟರು ತಪ್ಪುವುದೇ ಇಲ್ಲ" ಎಂದು ಯಾರಾದರೂ ಹೇಳಿದರೆ ಇದನ್ನು ನೆನಪು ಮಾಡಬಹುದು.

ದೂರು ಬರಹದಲ್ಲಿಯೇ ಇರತಕ್ಕದ್ದು. 1912ಕ್ಕೆ ಫೋನು ಮಾಡಿ ದೂರಿನ ಸಂಖ್ಯೆ ಬರೆದುಕೊಂಡು, ಹೆಸ್ಕಾಂ ಉಪವಿಭಾಗ ಕಚೇರಿಗೆ ಆರ್.ಆರ್. ನಂಬರು, ಪರೀಕ್ಷೆಯ ದಿನಾಂಕ, ವೋಲ್ಟೇಜು, ಸೆಕೆಂಡು ಇವುಗಳ ಸಮೇತ ಅರ್ಜಿ ಕೊಟ್ಟು ಪ್ರತಿಯ ಮೇಲೆ ಮುದ್ರೆ ಹಾಕಿಸಿಕೊಳ್ಳಿರಿ. ಕೇಂದ್ರ ಸರಕಾರದ 2020ರ ಗ್ರಾಹಕರ ಹಕ್ಕುಗಳ ನಿಯಮಗಳಂತೆ 30 ದಿನಗಳೊಳಗೆ ಮೀಟರು ಪರೀಕ್ಷೆಯಾಗಬೇಕು. ದೂರು ಕೊಡುವಾಗ ಪರೀಕ್ಷಾ ಶುಲ್ಕ ಕೇಳುವಂತಿಲ್ಲ. 2024ರ ತಿದ್ದುಪಡಿ ಇನ್ನೂ ಉಪಯುಕ್ತ: ಬಳಕೆಗೂ ಅಂಕಿಗೂ ತಾಳೆಯಿಲ್ಲವೆಂದು ದೂರಿದರೆ 5 ದಿನಗಳಲ್ಲಿ ಪಕ್ಕದಲ್ಲಿ ಇನ್ನೊಂದು ಮೀಟರು ಕೂರಿಸಿ ಕನಿಷ್ಠ 3 ತಿಂಗಳು ತಾಳೆ ನೋಡಬೇಕು. ಇದನ್ನು ಅರ್ಜಿಯಲ್ಲಿ ಹೆಸರಿಸಿಯೇ ಕೇಳಿರಿ.

ವಿವಾದ ತೀರುವವರೆಗೆ ಬಿಲ್ಲು ಕಟ್ಟದೇ ಕೂರುವುದು ಅಪಾಯ. 2003ರ ವಿದ್ಯುಚ್ಛಕ್ತಿ ಕಾಯಿದೆಯ 56ನೇ ಕಲಮಿನಲ್ಲಿ ಒಂದು ದಾರಿಯಿದೆ. ಆಕ್ಷೇಪಣೆ ಸಹಿತ ಎಂದು ಬರೆದು, ಕೇಳಿದ ಮೊತ್ತ ಅಥವಾ ಹಿಂದಿನ 6 ತಿಂಗಳ ಸರಾಸರಿ, ಇವುಗಳಲ್ಲಿ ಕಡಿಮೆಯಾದದ್ದನ್ನು ಕಟ್ಟಿದರೆ ವಿವಾದ ಮುಗಿಯುವ ತನಕ ಸಂಪರ್ಕ ಕಡಿಯುವಂತಿಲ್ಲ. ಕಡಿಯುವುದಿದ್ದರೂ 15 ದಿನಗಳ ಲಿಖಿತ ನೋಟೀಸು ಬೇಕು. ಎರಡು ವರ್ಷ ಕಳೆದ ಬಾಕಿ ಕೇಳುವಂತೆಯೇ ಇಲ್ಲ ಎಂಬ ನಂಬಿಕೆ ಮಾತ್ರ ಪೂರ್ತಿ ಸರಿಯಲ್ಲ. ತಪ್ಪಿನಿಂದ ಬಿಟ್ಟುಹೋದದ್ದಕ್ಕೆ ಪೂರಕ ಬಿಲ್ಲು ಕೊಡಬಹುದು, ಅದಕ್ಕಾಗಿ ಸಂಪರ್ಕ ಕಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ಉಪವಿಭಾಗದಲ್ಲಿ ಕೆಲಸವಾಗದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೂ, ಅಲ್ಲಿಯೂ ಸಮಾಧಾನವಾಗದಿದ್ದರೆ ಬೆಂಗಳೂರಿನ ವಿದ್ಯುತ್ ಓಂಬುಡ್ಸ್‌ಮನ್ ಅವರಿಗೂ ಬರೆಯಲು ಅವಕಾಶವಿದೆ.

ಏನೇ ಸಂಶಯವಿರಲಿ, ಮೀಟರಿನ ಸೀಲು ಮುಟ್ಟಬಾರದು. ಸೀಲು ಒಡೆದಿದ್ದರೆ ದೂರುದಾರನೇ 135ನೇ ಕಲಮಿನ ಕೆಳಗೆ ಕಳ್ಳತನದ ಆರೋಪಕ್ಕೆ ಗುರಿಯಾದಾನು. ಮೀಟರು ಬದಲಿಸಲು ಬಂದಾಗ ಹಳೆಯದರ ಕೊನೆಯ ಅಂಕಿ, ಹೊಸದರ ಮೊದಲ ಅಂಕಿ, ಎರಡರ ಕ್ರಮಸಂಖ್ಯೆ, ಸೀಲಿನ ಸ್ಥಿತಿ ಇವನ್ನು ಬರೆದು ಬಂದವರ ಸಹಿ ತೆಗೆದುಕೊಳ್ಳಿರಿ, ಫೋಟೋ ಹಿಡಿದಿಡಿರಿ. ಹಳೆಯ ಮೀಟರನ್ನು ಎಂ.ಟಿ. ವಿಭಾಗದಲ್ಲಿ ಪರೀಕ್ಷಿಸುವ ದಿನ ತಿಳಿಸಿರೆಂದು ಅದೇ ಕಾಗದದಲ್ಲಿ ಕೇಳಿ, ಆ ದಿನ ಹೋಗಿ ಎದುರು ನಿಲ್ಲಿರಿ.