ಅಳಿವೆಯ ನೀರು ಒಮ್ಮೆ ತಿಳಿ, ಒಮ್ಮೆ ರಾಡಿ – ಯಾಕೆ?



ಜುಲೈ ತಿಂಗಳಲ್ಲಿ ತದಡಿ ಕಡೆ ಹೋದವರು ಅಘನಾಶಿನಿ ನದಿಯನ್ನು ನೋಡಿರುತ್ತೀರಿ. ಹಾಲು ಹಾಕಿದ ಚಹಾದ ಹಾಗೆ ಕೆಂಪು ನೀರು! ಅದೇ ನದಿ ಜನವರಿಯಲ್ಲಿ ತಿಳಿಯಾಗಿರುತ್ತದೆ. ಒಂದೊಂದು ದಿನ ಬೆಳಿಗ್ಗೆ ತಿಳಿ ಇದ್ದದ್ದು ಮಧ್ಯಾಹ್ನ ರಾಡಿ. "ನೀರು ಹಾಳಾಯ್ತು" ಅಂತ ಕೆಲವರು ಹೇಳ್ತಾರೆ. ಅದು ನಿಜವೋ ಅಲ್ಲವೋ ಹೇಗೆ ತಿಳಿಯೋದು?

ನದಿ ಸಮುದ್ರ ಸೇರುವ ಜಾಗಕ್ಕೆ ಅಳಿವೆ ಎನ್ನುತ್ತೇವೆ. ಅಲ್ಲಿ ತಳಕ್ಕೆ ಕೂರದೆ ನೀರಲ್ಲೇ ತೇಲುವ ಮಣ್ಣೇ ತೇಲುವ ಹೂಳು. 0.1 ಮಿ.ಮೀ. ಗಾತ್ರದ ಮರಳಿನ ಕಣ ನಿಂತ ನೀರಲ್ಲಿ ಒಂದು ಮೀಟರ್ ಇಳಿಯಲು ಸುಮಾರು 2 ನಿಮಿಷ ಸಾಕು. 0.002 ಮಿ.ಮೀ. ಗಾತ್ರದ ಜೇಡಿಮಣ್ಣಿನ ಕಣಕ್ಕೆ ಎರಡೂವರೆ-ಮೂರು ದಿನ ಬೇಕು! ಹಾಗಾಗಿ ನೀರನ್ನು ರಾಡಿ ಮಾಡುವುದು ಹೆಚ್ಚಾಗಿ ಜೇಡಿಯೇ. ಇದು ಹೆಚ್ಚು ಕಡಿಮೆ ಆಗಲು ಮುಖ್ಯ ಕಾರಣ ಮೂರು.

1. ಮಳೆಗಾಲ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮಣ್ಣು ಮಳೆನೀರಿನ ಜೊತೆ ಕೊಚ್ಚಿ ಬರುತ್ತದೆ. ಪಕ್ಕದ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು (1964) ಇದೆ. ಅದು ಮೇಲಿನ ಹೂಳನ್ನು ಬಹುಪಾಲು ತಡೆದಿಟ್ಟುಕೊಳ್ಳುತ್ತದೆ. ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ.

2. ಉಬ್ಬರ-ಇಳಿತ: ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ನೀರು ಜೋರಾಗಿ ಏರುವಾಗ, ಇಳಿಯುವಾಗ ತಳದ ಕೆಸರು ಏಳುತ್ತದೆ. ನಡುವೆ ಸ್ವಲ್ಪ ಹೊತ್ತು ನೀರು ನಿಂತಾಗ ಕೂರುತ್ತದೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಸೆಳೆತ ಜಾಸ್ತಿ, ರಾಡಿಯೂ ಜಾಸ್ತಿ. ಅಷ್ಟಮಿ ಹತ್ತಿರ ಎರಡೂ ಕಡಿಮೆ.

3. ಉಪ್ಪು: ಜೇಡಿ ಕಣಗಳ ಮೇಲೆ ಋಣ ವಿದ್ಯುತ್ ಇರುವುದರಿಂದ ಒಂದನ್ನೊಂದು ದೂಡುತ್ತವೆ. ಉಪ್ಪುನೀರು ಸೇರಿದಾಗ ಆ ದೂಡುವ ಬಲ ಕುಗ್ಗಿ, ಒಡೆದ ಹಾಲಿನ ಹಾಗೆ ಕಣಗಳು ಗಂಟುಗಂಟಾಗುತ್ತವೆ. ಗಂಟು ಬೇಗ ತಳ ಸೇರುತ್ತದೆ.

ಮಾಡಿ ನೋಡಿ: ಎರಡು ಗ್ಲಾಸಿಗೆ ಒಂದೇ ರಾಡಿ ನೀರು ಹಾಕಿ. ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ ಎರಡನ್ನೂ ಕಲಕಿ ಇಡಿ. ಯಾವುದು ಮೊದಲು ತಿಳಿಯಾಗ್ತದೆ ನೋಡಿ.

ಇದನ್ನು ತಿಳಿದು ನಮಗೇನು ಲಾಭ ಅಂತ ಕೇಳಬಹುದು. ಬಳಚು ನೀರನ್ನು ಸೋಸಿ ಆಹಾರ ತಿನ್ನುವ ಜೀವಿ. ಕೆಸರು ಮಿತಿಮೀರಿದರೆ ಅದರ ಕಿವಿರು ಕಟ್ಟುತ್ತದೆ. ಇಳಿತದ ಹೊತ್ತಿಗೆ ಬಳಚು ಹೆಕ್ಕಿ ಸಂಸಾರ ನಡೆಸುವವರು ಎಷ್ಟೋ ಜನ. ಹಾಗಂತ ಹೂಳು ಶತ್ರುವೂ ಅಲ್ಲ. ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಯ ಮಣ್ಣು ನದಿ ತಂದದ್ದೇ. ಮಳೆಗಾಲದ ರಾಡಿ ಸಹಜ. ಆದರೆ ಮಳೆಯಿಲ್ಲದ ಫೆಬ್ರವರಿಯಲ್ಲಿ, ಅಷ್ಟಮಿ ದಿನವೂ ನೀರು ರಾಡಿಯಾಗಿದ್ದರೆ? ಎಲ್ಲೋ ಮರಳು ತೆಗೆಯುತ್ತಿರಬಹುದು, ಹೂಳು ಎತ್ತುತ್ತಿರಬಹುದು. ವಿಚಾರಿಸಲೇಬೇಕು.

ಕೇಳುವಾಗ ಕೈಯಲ್ಲಿ ಲೆಕ್ಕ ಇರಬೇಕು. ಪ್ರಯೋಗಾಲಯದಲ್ಲಿ ಒಂದು ಲೀಟರ್ ನೀರು ಸೋಸಿ, ಉಳಿದ ಮಣ್ಣು ಒಣಗಿಸಿ, ಮಿಲಿಗ್ರಾಂನಲ್ಲಿ ತೂಗುತ್ತಾರೆ. ನಮಗೆ ಒಂದು ಬಿಳಿ ತಟ್ಟೆ ಸಾಕು. 1865ರಲ್ಲಿ ಇಟಲಿಯ ವಿಜ್ಞಾನಿ ಸೆಕ್ಕಿ ಹೀಗೆ ಬಿಳಿ ತಟ್ಟೆ ಇಳಿಸಿಯೇ ಸಮುದ್ರದ ತಿಳಿ ಅಳೆದರು. ತಟ್ಟೆಗೆ ಕಲ್ಲು, ಹಗ್ಗ ಕಟ್ಟಿ, ದೊಡ್ಡವರ ಜೊತೆ ಜೆಟ್ಟಿ ಮೇಲಿಂದ ಇಳಿಸಿ. ಕಾಣದಾದ ಕೂಡಲೇ ಹಗ್ಗ ಅಳೆಯಿರಿ. ತಾರೀಕು, ತಿಥಿ, ಜಾಗ, ಉಬ್ಬರವೋ ಇಳಿತವೋ ಎಲ್ಲ ಬರೆಯಿರಿ. ಇವು ಇಲ್ಲದ ಒಂದು ಅಳತೆಯಿಂದ ಏನೂ ಗೊತ್ತಾಗೋದಿಲ್ಲ.

2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ ಸೇರಿ ಜಗತ್ತಿಗೇ ಗೊತ್ತಾಯಿತು. ನದಿ ದಂಡೆಯವರಾದ ನಮಗೂ ಅದರ ನೀರಿನ ಲೆಕ್ಕ ಗೊತ್ತಿರಬೇಡವೇ?