ಪುಸ್ತಕ ಮುಚ್ಚಿ ಓದಿ

ಪರೀಕ್ಷೆ ಹತ್ತಿರ ಬಂತೆಂದರೆ ಅದೇ ಪಾಠವನ್ನು ನಾಲ್ಕು ಸಲ ಓದಿ, ಸಾಲುಗಳಿಗೆಲ್ಲ ಹಳದಿ ಬಣ್ಣ ಬಳಿದು, "ಎಲ್ಲ ಬಂತು" ಎಂದು ನಿರಾಳವಾಗುತ್ತೀರಾ? ಸ್ವಲ್ಪ ತಡೆಯಿರಿ. ಕಣ್ಣಿಗೆ ಪರಿಚಯವಾದದ್ದೆಲ್ಲ ತಲೆಯಲ್ಲಿ ಉಳಿಯುವುದಿಲ್ಲ.

ಅಮೆರಿಕದ ಮನೋವಿಜ್ಞಾನಿಗಳಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯಾರ್ಥಿಗಳು ಒಂದು ಬರಹವನ್ನು ಎರಡು ಸಲ ಓದಿದರು. ಇನ್ನೊಂದನ್ನು ಒಮ್ಮೆ ಓದಿ, ನೆನಪಿದ್ದಷ್ಟನ್ನು ನೋಡದೆ ಬರೆದರು. ಐದು ನಿಮಿಷದ ಬಳಿಕ ಕೇಳಿದಾಗ ಎರಡು ಸಲ ಓದಿದ್ದೇ ಮೇಲುಗೈ. ವಾರ ಕಳೆದ ಮೇಲೆ ಲೆಕ್ಕ ತಿರುಗುಮುರುಗಾಯಿತು: ಎರಡು ಸಲ ಓದಿದ್ದರಲ್ಲಿ ಶೇ. 42ರಷ್ಟು, ನೋಡದೆ ಬರೆದದ್ದರಲ್ಲಿ ಶೇ. 56ರಷ್ಟು ನೆನಪಿನಲ್ಲಿತ್ತು.

ಹಾಗಾಗಿ ದ್ಯುತಿಸಂಶ್ಲೇಷಣೆಯ ಪಾಠ ಓದಿದ ಕೂಡಲೇ ಪುಸ್ತಕ ಮುಚ್ಚಿಬಿಡಿ. ಹಾಳೆಯ ಮೇಲೆ ಒಂದು ಎಲೆಯ ಚಿತ್ರ ಬರೆದು, ಒಳಗೆ ಹೋಗುವುದೇನು, ಹೊರಗೆ ಬರುವುದೇನು ಎಂದು ಗುರುತು ಹಾಕಿ. ತಡವರಿಸಿದರೆ ತಕ್ಷಣ ಪುಟ ತೆರೆಯಬೇಡಿ. ನೆನಪು ಗಟ್ಟಿಯಾಗುವುದು ಆ ಪರದಾಟದಲ್ಲೇ. ಆಮೇಲೆ ಪುಸ್ತಕ ನೋಡಿ ತಪ್ಪು ತಿದ್ದಿಕೊಳ್ಳಿ. ಎರಡು ದಿನ ಬಿಟ್ಟು ಮತ್ತೊಮ್ಮೆ ಹೀಗೇ ಮಾಡಿ.

ಗಣಿತಕ್ಕೂ ಇದೇ ಮಾತು. ಬಿಡಿಸಿಟ್ಟ ಲೆಕ್ಕವನ್ನು ಓದಿ ತಲೆಯಾಡಿಸಿದರೆ ಸಾಲದು. ಉತ್ತರ ಮರೆಮಾಡಿ ನೀವೇ ಬಿಡಿಸಿ ನೋಡಿ.